ರೈಲಿನ ವೇಟಿಂಗ್ ಟಿಕೆಟ್ ಕೈಗೆ ಕೊಟ್ಟು "ಹತ್ತಿ ಮಾರಾಯ್ರೆ" ಅನ್ನುವ ಏಜೆಂಟರನ್ನು ನಂಬಬೇಡಿ
ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಉಡುಪಿ ಕಡೆ ಮುಂಬೈಗೆ ಓಡಾಡುವವರು ಮನೆಗೊಬ್ಬರು ಇದ್ದಾರೆ, ಅವರಾದರೂ ತಪ್ಪಿಸಿಕೊಳ್ಳಲಿ.

ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ ಅಣ್ಣನ ಮಗನ ಉಪನಯನ. ನಾನು, ಅಮ್ಮ ಇಬ್ಬರೇ ಹೊರಟದ್ದು, ಮತ್ಸ್ಯಗಂಧ ರೈಲಿನಲ್ಲಿ. ಮೇ ತಿಂಗಳು, ಸೀಟು ಎಲ್ಲಿಂದ ಬರಬೇಕು? ಪೇಟೆಯ ಒಬ್ಬ ಏಜೆಂಟರ ಹತ್ತಿರ ಹೋದೆ. ಸ್ಲೀಪರ್, ಆನ್‌ಲೈನ್ ಟಿಕೆಟ್, ವೇಟಿಂಗ್ 14 ಮತ್ತು 15. "ಕನ್ಫರ್ಮ್ ಆಗ್ತದೆ ಮಾರಾಯ್ರೆ, ಎಂತ ಟೆನ್ಶನ್? ಆಗದಿದ್ರೂ ಹತ್ತಿ, ಟಿಟಿಇ ಸೀಟು ಮಾಡಿ ಕೊಡ್ತಾರೆ" ಅಂದರು. ನಂಬಿದೆ. ಮನೆಯ ಕರೆಂಟ್ ಬಿಲ್ಲಿನಿಂದ ಹಿಡಿದು ಎಲ್ಲವನ್ನೂ ಮೊಬೈಲಲ್ಲೇ ಕಟ್ಟುವ ನಾನು ಹೊರಡುವ ಮೊದಲು ಒಮ್ಮೆ ಪಿಎನ್‌ಆರ್ (ಟಿಕೆಟಿನ ನಂಬರ್) ಹಾಕಿ ಸೀಟು ಆಯಿತಾ ಅಂತ ನೋಡಲಿಲ್ಲ!

ಇಂದ್ರಾಳಿಯ ಉಡುಪಿ ಸ್ಟೇಷನ್ನಿನಲ್ಲಿ ಹತ್ತಿದೆವು. ಕುಂದಾಪುರ ದಾಟಿದ ಮೇಲೆ ಟಿಕೆಟ್ ನೋಡುವ ಟಿಟಿಇ ಬಂದರು. ಪ್ರಿಂಟ್ ಕೊಟ್ಟೆ. ಅವರು ಯಂತ್ರದಲ್ಲಿ ನೋಡಿದರು, ನನ್ನ ಮುಖ ನೋಡಿದರು. "ಇದು ಸೀಟುಗಳ ಕೊನೇ ಚಾರ್ಟ್ ಆದಾಗಲೇ ಕ್ಯಾನ್ಸಲ್ ಆಗಿದೆ. ನಿಮ್ಮ ಹತ್ರ ಟಿಕೆಟ್ ಇಲ್ಲ."

ಟಿಕೆಟ್ ಇಲ್ಲ! ಕೈಯಲ್ಲಿ ಕಾಗದ ಉಂಟು, ದುಡ್ಡು ಕೊಟ್ಟದ್ದು ಉಂಟು, ಟಿಕೆಟ್ ಇಲ್ಲ. ಎದುರಿನ ಸೀಟಲ್ಲಿ ನಮ್ಮ ಊರಿನ ಪರಿಚಯದವರೇ ಇದ್ದರು. ಅವರು ಕಿಟಕಿ ಕಡೆ ತಿರುಗಿಕೊಂಡರು. ಅಮ್ಮ ಮೆಲ್ಲ ಕೇಳಿದರು, "ನಾವು ಟಿಕೆಟ್ ಇಲ್ಲದೆ ಬಂದದ್ದಾ ಮಗಾ?" ಆ ಮಾತು ಈಗಲೂ ಚುಚ್ಚುತ್ತದೆ.

ಅಲ್ಲಿಂದಲೇ ಏಜೆಂಟರಿಗೆ ಫೋನ್ ಮಾಡಿದೆ. "ಅವರ ಹತ್ರ ಸ್ವಲ್ಪ ಮಾತಾಡಿ, ಅಡ್ಜಸ್ಟ್ ಮಾಡ್ತಾರೆ." ಟಿಟಿಇ ಕೈಗೆ ಫೋನ್ ಕೊಡ್ತೇನೆ ಅಂದದ್ದೇ ತಡ, ಕಟ್!

ಟಿಟಿಇಯದ್ದು ತಪ್ಪಿಲ್ಲ, ಜೋರು ಸಹ ಮಾಡಲಿಲ್ಲ. ನಿಯಮ ಅದೇ: ಪ್ರಯಾಣ ಮಾಡಿದಷ್ಟು ದೂರದ ಟಿಕೆಟ್ ದರ, ಅದರ ಮೇಲೆ ಅಷ್ಟೇ ದುಡ್ಡು ಅಥವಾ 250 ರೂಪಾಯಿ, ಯಾವುದು ಜಾಸ್ತಿಯೋ ಅದು ದಂಡ. ಪ್ರತಿಯೊಬ್ಬರಿಗೂ. "ಉಡುಪಿಯಲ್ಲಿ ಹತ್ತಿದ್ದು ಅಂತ ಗೊತ್ತಾಗ್ತದಲ್ಲ, ಅದೇ ಪುಣ್ಯ. ಇಲ್ಲದಿದ್ರೆ ಮಂಗಳೂರಿಂದ ಲೆಕ್ಕ ಹಾಕಬೇಕಿತ್ತು" ಅಂದರು. ದಂಡವೇ 500 ಆಯಿತು, ಟಿಕೆಟ್ ದುಡ್ಡು ಬೇರೆ. ರಸೀದಿ ಹಿಡಿದು ಜನರಲ್ ಬೋಗಿಗೆ. 68 ವರ್ಷದ ಅಮ್ಮ ಇಡೀ ರಾತ್ರಿ ಚೀಲದ ಮೇಲೆ ಕೂತು ಬಂದರು. ಉಪನಯನದಲ್ಲಿ ಯಾರಿಗೂ ಹೇಳಲಿಲ್ಲ, ಕಾಲು ನೋವು ಅಂದರು ಅಷ್ಟೇ.

ಆಮೇಲೆ ಗೊತ್ತಾದದ್ದು ಇನ್ನೂ ಚಂದ. ಇಂಥ ಟಿಕೆಟ್ ತಾನಾಗಿ ಕ್ಯಾನ್ಸಲ್ ಆದರೆ ತಲೆಗೆ 60 ರೂಪಾಯಿ ಹಿಡಿದು ಉಳಿದದ್ದು ವಾಪಸ್ ಬರುತ್ತದೆ. ಎಲ್ಲಿಗೆ? ಬುಕ್ ಮಾಡಿದವರ ಖಾತೆಗೆ! ಟಿಕೆಟಿನಲ್ಲಿ ಮೊಬೈಲ್ ನಂಬರ್ ಕೂಡ ಅವರದ್ದೇ. ಹಾಗಾಗಿ ಕ್ಯಾನ್ಸಲ್ ಆದ ಮೆಸೇಜ್ ನನಗೆ ಬರಲೇ ಇಲ್ಲ. ಅವರಿಗೆ ಬಂದಿತ್ತು. ನಾವು ರೈಲು ಹತ್ತುವ ಮೊದಲೇ ಬಂದಿತ್ತು!

ವಾಪಸ್ ಬಂದು ಅಂಗಡಿಗೆ ಹೋದೆ. ಮೊದಲು "ರೀಫಂಡ್ ಬಂದಿಲ್ಲ." ವಾರ ಬಿಟ್ಟು "ವೇಟಿಂಗ್ ಅಂತ ನಾನು ಹೇಳಿದ್ದೆ ಅಲ್ವಾ? ನೀವು ನೋಡ್ಕೊಳ್ಬೇಕಿತ್ತು." ಮೂರನೇ ಸಲ "ಅದು ಸರ್ವಿಸ್ ಚಾರ್ಜಿಗೆ ಹೋಯ್ತು." ಎಂಥ ಸರ್ವಿಸ್ ಸ್ವಾಮಿ? ದಂಡ ಕಟ್ಟಿಸಿದ ಸರ್ವಿಸಾ?

ಕೌಂಟರಿನ ವೇಟಿಂಗ್ ಟಿಕೆಟ್ ಆದರೆ ಜನರಲ್ ಬೋಗಿಯಲ್ಲಾದರೂ ಹೋಗಬಹುದು. ಆನ್‌ಲೈನಿನದ್ದು ಚಾರ್ಟಿನಲ್ಲಿ ವೇಟಿಂಗ್ ಆಗಿಯೇ ಉಳಿದರೆ ಬರೀ ಕಾಗದ. ಏಜೆಂಟರ ಹತ್ತಿರವೇ ಮಾಡಿಸುವುದಾದರೆ ನಿಮ್ಮ ಮೊಬೈಲ್ ನಂಬರ್ ಹಾಕಿಸಿ, ಎದುರಲ್ಲೇ ನಿಂತು ಹಾಕಿಸಿ. ಹೊರಡುವ ಮೊದಲು ರೈಲ್ವೆಯ 139ಕ್ಕೆ ಫೋನ್ ಮಾಡಿ ಪಿಎನ್‌ಆರ್ ಕೇಳಿ. ಇನ್ನು "ಟಿಟಿಇ ಅಡ್ಜಸ್ಟ್ ಮಾಡ್ತಾರೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಸೋಮವಾರ ಮತ್ತೆ ಆ ಅಂಗಡಿಗೆ ಹೋಗುತ್ತೇನೆ. ಈ ಸಲ ಅಮ್ಮನನ್ನೂ ಕರೆದುಕೊಂಡು. ಸರ್ವಿಸ್ ಚಾರ್ಜ್ ಎಂತದ್ದು ಅಂತ ಏಜೆಂಟರು ಅಮ್ಮನಿಗೇ ಹೇಳಲಿ.