ಶಿರಾಡಿ ದಾರಿಯ ಫಾಸ್ಟ್ ಚಾರ್ಜರ್‌ಗಳು: ಬೆಂಗಳೂರಿನಿಂದ ಉಪ್ಪಿನಂಗಡಿಯವರೆಗೆ

ಉಪ್ಪಿನಂಗಡಿಯ ಸಮೀಪದ ನಮ್ಮ ಮನೆಗೆ ತಿಂಗಳಿಗೆ ಒಂದು ಸಲವಾದರೂ ಬೆಂಗಳೂರಿನಿಂದ ಹೋಗಿಬರುವ ನಾನು, ಎರಡು ವರ್ಷಗಳ ಹಿಂದೆ ಡೀಸೆಲ್ ಕಾರನ್ನು ಮಾರಿ 40.5 ಕಿಲೋವ್ಯಾಟ್-ಅವರ್ ಬ್ಯಾಟರಿಯ ನೆಕ್ಸಾನ್ ಇವಿ ಕೊಂಡೆ. ಬೆಂಗಳೂರಿನೊಳಗಿನ ಓಡಾಟಕ್ಕೆ ಸಾರ್ವಜನಿಕ ಚಾರ್ಜರ್‌ನ ಗೊಡವೆ ನನಗಿಲ್ಲ. ರಾತ್ರಿ ಮನೆಯ ಕೆಳಗಿನ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದರೆ ಮರುದಿನದ ತಿರುಗಾಟಕ್ಕೆ ಬೇಕಾದಷ್ಟು ತುಂಬಿರುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಕಾರಿನ ವಿಮರ್ಶೆಯಲ್ಲ, ನೆಲಮಂಗಲದಿಂದ ಪಶ್ಚಿಮಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 75ರ ಬದಿಯಲ್ಲಿ ನಿಂತಿರುವ ಫಾಸ್ಟ್ ಚಾರ್ಜರ್‌ಗಳ ವಿಮರ್ಶೆ. ಯಾವ ಕಂಪನಿಯ ಯಂತ್ರ ಕೈಕೊಟ್ಟಿತು ಎಂಬುದನ್ನು ಹೆಸರಿಸಿ ಬರೆಯುವ ಇಚ್ಛೆ ನನಗಿಲ್ಲ. ಒಂದು ಕಡೆ ಕಾಯಿಸಿ ಬೇಸರ ತರಿಸಿದ ಕಂಪನಿಯ ಯಂತ್ರವೇ ಐವತ್ತು ಕಿಲೋಮೀಟರ್ ಆಚೆ ಗಡಿಯಾರದಂತೆ ಕೆಲಸ ಮಾಡಿದ್ದನ್ನು ಕಂಡ ಮೇಲೆ, ಹೆಸರಿಗಿಂತ ಜಾಗವೇ ಮುಖ್ಯವೆಂದು ನನಗೆ ಮನವರಿಕೆಯಾಗಿದೆ.

ಮೊದಲು ದಾರಿಯ ಲೆಕ್ಕ. ನನ್ನ ಕಾರು ಗಂಟೆಗೆ 80-90 ಕಿಲೋಮೀಟರ್ ವೇಗದಲ್ಲಿ, ಎಸಿ ಹಾಕಿಕೊಂಡು, ಪೂರ್ಣ ಬ್ಯಾಟರಿಗೆ ಸುಮಾರು 260 ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನ ಮನೆಯಿಂದ ಊರಿಗೆ ಹೆಚ್ಚುಕಡಿಮೆ 300 ಕಿಲೋಮೀಟರ್. ಅಂದರೆ ದಾರಿಯಲ್ಲಿ ಒಂದು ನಿಲುಗಡೆ ಅನಿವಾರ್ಯ. ಹೋಗುವಾಗ ಸಕಲೇಶಪುರದಿಂದ ಗುಂಡ್ಯದವರೆಗೆ ಇಳಿಜಾರು ಸಿಗುವುದರಿಂದ ಮೋಟರು ತಾನೇ ಬ್ಯಾಟರಿಗೆ ಅಷ್ಟಿಷ್ಟು ಮರಳಿ ತುಂಬುತ್ತದೆ, ಘಾಟಿ ಮುಗಿದಾಗ ಶೇಕಡಾವಾರು ಅಂಕಿ ಏರಿರುವುದನ್ನು ಕಂಡು ಹಿಂದಿನ ಸೀಟಿನ ಮಕ್ಕಳು ಚಪ್ಪಾಳೆ ತಟ್ಟುವುದೂ ಉಂಟು. ಆದರೆ ಮರಳುವಾಗ ಆ ಸಾಲವನ್ನು ಬಡ್ಡಿ ಸಮೇತ ತೀರಿಸಬೇಕು. ನಾಲ್ಕು ಜನರೂ ಸಾಮಾನೂ ಸೇರಿ 1,750 ಕಿಲೋ ತೂಗುವ ಕಾರನ್ನು ಸುಮಾರು 800 ಮೀಟರ್ ಎತ್ತರಕ್ಕೆ ಏರಿಸಲು, ರಸ್ತೆಯ ಘರ್ಷಣೆ ಮತ್ತು ಗಾಳಿಯ ತಡೆಯನ್ನು ಬಿಟ್ಟರೂ, ನಾಲ್ಕು ಯೂನಿಟ್ (ಕಿಲೋವ್ಯಾಟ್-ಅವರ್) ಹತ್ತಿರ ಬೇಕು. ಇದು ನನ್ನ ಬ್ಯಾಟರಿಯ ಹತ್ತನೇ ಒಂದು ಭಾಗ. ಘಾಟಿಯ ಬುಡದಲ್ಲಿ ಕಾರಿನ ಪರದೆ ತೋರಿಸುವ ದೂರವನ್ನು ನಂಬಿ ಹೊರಟವರು ಮಾರನಹಳ್ಳಿಯ ಹತ್ತಿರ ಎಸಿ ಆರಿಸಿ ಕಿಟಕಿ ಇಳಿಸುವುದು ಇದೇ ಕಾರಣಕ್ಕೆ.

ಚಾರ್ಜರ್‌ನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ಕಿಲೋವ್ಯಾಟ್ ಅಂಕಿಯನ್ನು ಹೊಸಬರು ಯಥಾವತ್ತಾಗಿ ನಂಬುತ್ತಾರೆ, ನಾನೂ ನಂಬಿದ್ದೆ. ಈ ದಾರಿಯಲ್ಲಿ ನಾನು ಹೆಚ್ಚಾಗಿ ಕಂಡದ್ದು 60 ಕಿಲೋವ್ಯಾಟ್‌ನ, ಎರಡು ಗನ್‌ಗಳ (ಕಾರಿಗೆ ಸಿಕ್ಕಿಸುವ ಕೇಬಲ್ ತುದಿಗಳ) ಯಂತ್ರಗಳನ್ನು. ಒಬ್ಬರೇ ಇದ್ದರೆ ಪೂರ್ತಿ ಶಕ್ತಿ ಅವರಿಗೆ. ಪಕ್ಕದಲ್ಲಿ ಇನ್ನೊಂದು ಕಾರು ಬಂದು ಸಿಕ್ಕಿಸಿದ ಕ್ಷಣಕ್ಕೆ ಅದು ಮೂವತ್ತು-ಮೂವತ್ತಾಗಿ ಹಂಚಿಹೋಗುತ್ತದೆ. ಇದಲ್ಲದೆ ಎಷ್ಟು ವಿದ್ಯುತ್ ತೆಗೆದುಕೊಳ್ಳಬೇಕೆಂಬುದನ್ನು ನಿರ್ಧರಿಸುವುದು ಚಾರ್ಜರ್ ಅಲ್ಲ, ಕಾರು. ಬ್ಯಾಟರಿ ಬಿಸಿಯಾಗಿದ್ದರೆ ಅದು ಕಡಿಮೆ ಕೇಳುತ್ತದೆ, ಶೇ. 80 ದಾಟಿದ ಮೇಲೆ ಇನ್ನೂ ಕಡಿಮೆ ಕೇಳುತ್ತದೆ. ನನ್ನ ಬ್ಯಾಟರಿಯನ್ನು ಶೇ. 20ರಿಂದ 80ಕ್ಕೆ ಏರಿಸಲು 24 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು. 30 ಕಿಲೋವ್ಯಾಟ್ ಸಿಕ್ಕರೂ ಅದು ಐವತ್ತು ನಿಮಿಷದ ಕೆಲಸ. ಒಂದು ಊಟಕ್ಕೆ, ಕೈತೊಳೆದು ಒಂದು ಲೋಟ ಕಾಫಿ ಕುಡಿಯುವುದಕ್ಕೆ ಅದು ಸರಿಹೊಂದುವ ಅವಧಿ. ಆದ್ದರಿಂದ 60 ಎಂದು ಬರೆದ ಕಡೆ 30 ಸಿಕ್ಕಿತೆಂದು ಜಗಳಕ್ಕೆ ನಿಲ್ಲುವುದನ್ನು ನಾನು ಬಿಟ್ಟಿದ್ದೇನೆ. ಸೊನ್ನೆ ಸಿಕ್ಕಾಗ ಮಾತ್ರ ಜಗಳ.

ಸೊನ್ನೆ ಸಿಕ್ಕ ಒಂದು ಸಂಜೆಯನ್ನು ವಿವರವಾಗಿ ಹೇಳಬೇಕು. ಜುಲೈ ತಿಂಗಳು, ಊರಿನಿಂದ ಮರಳುವ ದಾರಿ, ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿ ಮೇಲೆ ಬಂದಾಗ ಬ್ಯಾಟರಿಯಲ್ಲಿ ಶೇ. 14 ಉಳಿದಿತ್ತು. ಆ್ಯಪ್‌ನಲ್ಲಿ ಮುಂದಿನ ಪೆಟ್ರೋಲ್ ಬಂಕಿನ ಚಾರ್ಜರ್ ಹಸಿರು ಚುಕ್ಕೆಯಾಗಿ ಹೊಳೆಯುತ್ತಿತ್ತು. ಹೋಗಿ ನೋಡಿದರೆ ಯಂತ್ರ ಬಂಕಿನ ಹಿಂಬದಿಯಲ್ಲಿ, ಗಾಳಿ ತುಂಬುವ ಕಂಪ್ರೆಸರ್‌ನ ಪಕ್ಕದಲ್ಲಿ, ಮೇಲೊಂದು ಮಾಡೂ ಇಲ್ಲದೆ ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಅದರ ಪರದೆ ಕಪ್ಪಗಿತ್ತು. ಬಂಕಿನ ಹುಡುಗನನ್ನು ಕೇಳಿದೆ. "ಅದು ನಮ್ದಲ್ಲ ಸಾರ್, ಕಂಪನಿಯೋರ್ದು" ಎಂದು ಹೇಳಿ ಅವನು ಸ್ಕೂಟರಿಗೆ ಪೆಟ್ರೋಲ್ ಹಾಕಲು ಹೋದ. ಸಹಾಯವಾಣಿಗೆ ಕರೆ ಮಾಡಿದರೆ ಮೊದಲು ಹಿಂದಿ, ಆಮೇಲೆ ಇಂಗ್ಲಿಷ್; ಕನ್ನಡಕ್ಕೆ ಒತ್ತಬೇಕಾದ ಅಂಕಿ ಇರಲಿಲ್ಲ. ದೂರದಿಂದಲೇ ಯಂತ್ರವನ್ನು ಮರುಚಾಲನೆ ಮಾಡುತ್ತೇವೆ, ಹತ್ತು ನಿಮಿಷ ಕಾಯಿರಿ ಎಂದರು. ಕರೆಂಟೇ ಇಲ್ಲದ ಯಂತ್ರವನ್ನು ದೂರದಿಂದ ಚಾಲೂ ಮಾಡುವುದು ಹೇಗೆಂದು ಕೇಳಿದ್ದಕ್ಕೆ ದೂರು ಸಂಖ್ಯೆಯೊಂದನ್ನು ಕೊಟ್ಟರು. ಅರ್ಧ ಗಂಟೆ ಕಳೆದ ಮೇಲೆ, ಗಂಟೆಗೆ ನಲವತ್ತೈದು ಕಿಲೋಮೀಟರ್ ವೇಗದಲ್ಲಿ, ವೈಪರ್ ಮತ್ತು ದೀಪ ಬಿಟ್ಟು ಉಳಿದೆಲ್ಲವನ್ನೂ ಆರಿಸಿಕೊಂಡು, ಮುಂದಿನ ಜಾಗವನ್ನು ಶೇ. 5ರಲ್ಲಿ ತಲುಪಿದೆವು. ಆ ಅರ್ಧ ಗಂಟೆ ಕತ್ತಲಲ್ಲಿ, ಬೀಗ ಹಾಕಿದ್ದ ಶೌಚಾಲಯದ ಎದುರು ನಿಂತಿದ್ದ ನನ್ನ ಹೆಂಡತಿ, ಒಬ್ಬಳೇ ಕಾರು ತಂದಿದ್ದರೆ ಇಲ್ಲಿ ಇಳಿಯುತ್ತಲೇ ಇರಲಿಲ್ಲ ಎಂದಳು. ಯಾವ ಆ್ಯಪ್‌ನ ನಕ್ಷತ್ರಗಳಲ್ಲೂ ಈ ವಿಷಯ ಕಾಣುವುದಿಲ್ಲ.

ಮುಂದಿನ ಜಾಗ ಒಂದು ಸಸ್ಯಾಹಾರಿ ಹೋಟೆಲು. ಅಲ್ಲಿಯ ಯಂತ್ರವೂ ಹಳೆಯದೇ, ಶಕ್ತಿಯೂ ಹೆಚ್ಚಿನದಲ್ಲ. ಆದರೆ ಕಾರು ಒಳಗೆ ತಿರುಗುವಷ್ಟರಲ್ಲಿ ಕೊಡೆ ಹಿಡಿದ ವಾಚ್‌ಮನ್ ಎದುರಿಗೆ ಬಂದ. "ಬಲಗಡೆ ಗನ್ ಹಾಕ್ಬೇಡಿ ಸಾರ್, ಅದು ಮಧ್ಯದಲ್ಲಿ ಕಟ್ಟಾಗ್ತದೆ. ಎಡಗಡೇದು ತಗೊಳ್ಳಿ" ಎಂದ. ಎರಡು ವರ್ಷಗಳಲ್ಲಿ ಸಹಾಯವಾಣಿಗಳಿಂದ ನನಗೆ ಸಿಕ್ಕ ಎಲ್ಲ ಮಾಹಿತಿಗಿಂತ ಈ ಎರಡು ವಾಕ್ಯಗಳ ಬೆಲೆ ಹೆಚ್ಚು. ಯಂತ್ರದ ಮೇಲಿನ ಅಣಬೆಯಾಕಾರದ ಕೆಂಪು ತುರ್ತು ಗುಂಡಿಯನ್ನು ಯಾರೋ ಮಕ್ಕಳು ಆಟಕ್ಕೆ ಒತ್ತಿ ಹೋದರೆ ಅದನ್ನು ತಿರುಗಿಸಿ ಬಿಡಿಸುವವರೆಗೆ ಚಾರ್ಜರ್ ಸತ್ತಂತೆಯೇ ಇರುತ್ತದೆ ಎಂಬುದನ್ನು ನನಗೆ ಕಲಿಸಿದವನೂ ಅವನೇ. 'ಕೆಟ್ಟಿದೆ' ಎಂದು ಜನ ಬಿಟ್ಟುಹೋಗಿದ್ದ ಯಂತ್ರವೊಂದನ್ನು ಆಮೇಲೆ ಬೇರೊಂದು ಕಡೆ ಆ ಗುಂಡಿ ತಿರುಗಿಸಿ ನಾನೇ ಎಬ್ಬಿಸಿದ್ದೇನೆ.

ಬಂಕಿಗೂ ಹೋಟೆಲಿಗೂ ಈ ವ್ಯತ್ಯಾಸ ಬರಲು ಕಾರಣವಿದೆ. ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಒಂದು ಸೇವೆ, ಅದಕ್ಕೆ ಲೈಸೆನ್ಸ್ ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿದ ಮೇಲೆ ಯಾರು ಬೇಕಾದರೂ ಸ್ಟೇಷನ್ ತೆರೆಯುವಂತಾಯಿತು. ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿಲೋಮೀಟರ್‌ಗೆ ಒಂದರಂತೆ ಸ್ಟೇಷನ್ ಇರಬೇಕೆಂಬ ಮಾರ್ಗಸೂಚಿಯೂ ಅದೇ ವರ್ಷದ ಕೊನೆಗೆ ಬಂತು. 2017ರಲ್ಲೇ ವಿದ್ಯುತ್ ವಾಹನ ನೀತಿಯನ್ನು ಹೊರತಂದ ಕರ್ನಾಟಕದಲ್ಲಿ ಇಂದು ಸಾರ್ವಜನಿಕ ಸ್ಟೇಷನ್‌ಗಳ ಸಂಖ್ಯೆ ಐದು ಸಾವಿರ ದಾಟಿದೆ; ಅದರಲ್ಲಿ ಬಹುಪಾಲು ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ ಎಂಬುದು ಬೇರೆ ಮಾತು. 2024ರ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಸ್ಟೇಷನ್‌ಗಳಿಗೆಂದೇ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಸ್ಥಾಪಿಸುವುದಕ್ಕೆ ಇಷ್ಟೆಲ್ಲ ಒತ್ತಾಸೆ ಇದೆ, ಸರಿ. ಆದರೆ ಸ್ಥಾಪಿಸಿದ ಯಂತ್ರ ಓಡುತ್ತಿದೆಯೇ ಎಂದು ಪ್ರತಿದಿನ ನೋಡುವುದರಲ್ಲಿ ಯಾರಿಗೆ ಲಾಭ? ನಾನು ಐವತ್ತು ನಿಮಿಷ ನಿಂತರೆ ಬಂಕಿನವರಿಗೆ ಒಂದು ಜಾಗ ನಷ್ಟ. ಹೋಟೆಲಿನವರಿಗೆ ನಾಲ್ಕು ಊಟ, ನಾಲ್ಕು ಕಾಫಿಯ ವ್ಯಾಪಾರ. ಹಾಗಾಗಿ ಯಂತ್ರ ನಿಂತರೆ ಕಂಪನಿಗೆ ಮೊದಲು ಫೋನ್ ಮಾಡುವವರು ಹೋಟೆಲಿನ ಮಾಲೀಕರೇ.

ಎಲ್ಲ ದೋಷವನ್ನೂ ಚಾರ್ಜರ್ ಕಂಪನಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಗ್ರಾಮಾಂತರ ಲೈನುಗಳಲ್ಲಿ ಸಂಜೆ ವೋಲ್ಟೇಜ್ ಕುಸಿದರೆ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳಲು ನಿಂತುಬಿಡುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಒಂದು ಮರ ತಂತಿಯ ಮೇಲೆ ಬಿದ್ದರೆ ಇಡೀ ಫೀಡರ್ (ಆ ಭಾಗಕ್ಕೆಲ್ಲ ಕರೆಂಟು ಕೊಡುವ ಲೈನು) ಹೋಗುತ್ತದೆ. ಹೋಟೆಲಿನ ಜನರೇಟರ್ ದೀಪ, ಫ್ಯಾನು, ಗ್ರೈಂಡರ್‌ಗಳಿಗೆ ಸಾಲುತ್ತದೆಯೇ ಹೊರತು ಎರಡು ಕಾರುಗಳ ಹಸಿವಿಗಲ್ಲ. ಮಳೆಯಲ್ಲಿ ಚಾರ್ಜ್ ಮಾಡಿದರೆ ಶಾಕ್ ಹೊಡೆಯುತ್ತದೆಯೇ ಎಂದು ಊರಿನಲ್ಲಿ ನನ್ನನ್ನು ಕೇಳದವರಿಲ್ಲ. ಗನ್ ಸರಿಯಾಗಿ ಕೂತು, ಕಾರೂ ಯಂತ್ರವೂ ಪರಸ್ಪರ ಮಾತಾಡಿಕೊಂಡು, ವಿದ್ಯುತ್ ಸೋರಿಕೆಯಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ಕರೆಂಟು ಹರಿಯುವುದರಿಂದ ಆ ಭಯ ನನಗಿಲ್ಲ. ನನಗಿರುವುದು ಒದ್ದೆಯಾಗುವ ಬೇಸರ. ಪೆಟ್ರೋಲ್ ಹಾಕುವ ಎರಡು ನಿಮಿಷಕ್ಕೆ ಅಷ್ಟೆತ್ತರದ ಮಾಡು ಕಟ್ಟುವವರು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಭಾರದ ಗನ್ ಹಿಡಿದು ಒದ್ದಾಡುವವನ ತಲೆಯ ಮೇಲೆ ನಾಲ್ಕು ತಗಡಿನ ಹಾಳೆಯನ್ನಾದರೂ ಹಾಕಬಾರದೆ?

ಕೇಬಲ್ ಗಿಡ್ಡವಾಗಿರುವುದೂ ಒಂದು ಕಿರಿಕಿರಿ. ಎಂಜಿ ಜ಼ಡ್‌ಎಸ್‌ನಂಥ ಕಾರುಗಳಿಗೆ ಚಾರ್ಜಿಂಗ್ ಬಾಯಿ ಮುಂಭಾಗದಲ್ಲಿ, ನನ್ನದಕ್ಕೆ ಹಿಂದಿನ ಪಕ್ಕದಲ್ಲಿ. ಇಬ್ಬರೂ ಒಟ್ಟಿಗೆ ಬಂದಾಗ ಒಬ್ಬರು ಮೂತಿ ಮುಂದಾಗಿ, ಇನ್ನೊಬ್ಬರು ಬೆನ್ನು ಮುಂದಾಗಿ ನಿಲ್ಲಿಸಿಕೊಳ್ಳಬೇಕು.

ಆ್ಯಪ್‌ಗಳ ವಿಚಾರಕ್ಕೆ ಬಂದರೆ, ನನ್ನ ಫೋನಿನಲ್ಲಿ ಈಗ ಏಳು ಇವೆ. ಪ್ರತಿಯೊಂದರಲ್ಲೂ ಮುಂಗಡವಾಗಿ ವಾಲೆಟ್ ತುಂಬಬೇಕು, ಒಟಿಪಿ ಬರಬೇಕು, ಕ್ಯೂಆರ್ ಕೋಡ್ ಸ್ಕ್ಯಾನ್ ಆಗಬೇಕು. ಸಿಗ್ನಲ್ ಒಂದು ಕಡ್ಡಿಯಷ್ಟೇ ಇರುವ ಕಡೆ ಈ ಮೂರೂ ಒಟ್ಟಿಗೆ ಕೂಡಿಬರುವುದು ಗ್ರಹಗತಿಯ ವಿಷಯ. ಚಾರ್ಜ್ ಆದ ಮೇಲೆ ಒಂದರಲ್ಲಿ 63 ರೂಪಾಯಿ, ಇನ್ನೊಂದರಲ್ಲಿ 118 ರೂಪಾಯಿ ಹೀಗೆ ಚಿಲ್ಲರೆ ಉಳಿದು, ಏಳು ಅಂಗಡಿಗಳಲ್ಲಿ ನಾನು ಸಾಲ ಕೊಟ್ಟು ಕುಳಿತಂತಾಗಿದೆ. ಯಂತ್ರದ ಎದುರೇ ಯುಪಿಐ ಮೂಲಕ ಹಣ ಕೊಟ್ಟು, ಬಳಸದ ಮೊತ್ತ ತಕ್ಷಣ ಖಾತೆಗೆ ಮರಳುವ ಒಂದೆರಡು ಕಡೆ ಸಿಕ್ಕ ನೆಮ್ಮದಿ ಮಾತ್ರ ದೊಡ್ಡದು.

ದರ ನಾನು ಕಂಡಂತೆ ಯೂನಿಟ್‌ಗೆ 18ರಿಂದ 25 ರೂಪಾಯಿ. ಇದರಲ್ಲಿ ಶೇ. 18 ಜಿಎಸ್‌ಟಿಯನ್ನು ಕೆಲವರು ಸೇರಿಸಿ ತೋರಿಸುತ್ತಾರೆ, ಕೆಲವರು ಬಿಲ್ಲಿನಲ್ಲಿ ಮಾತ್ರ ತೋರಿಸುತ್ತಾರೆ. ಕಾರು ಕೊಳ್ಳುವಾಗ ಶೇ. 5 ತೆರಿಗೆ, ಅದಕ್ಕೆ ಉಣಿಸುವಾಗ ಶೇ. 18 ಎಂಬ ತರ್ಕ ನನಗಿನ್ನೂ ಅರ್ಥವಾಗಿಲ್ಲ. 22 ರೂಪಾಯಿಯಂತೆ ಹಿಡಿದರೆ ನನಗೆ ಕಿಲೋಮೀಟರ್‌ಗೆ ಮೂರೂವರೆ ರೂಪಾಯಿ ಬೀಳುತ್ತದೆ. ಹಳೆಯ ಡೀಸೆಲ್ ಕಾರಿಗೆ ಐದು ಬೀಳುತ್ತಿತ್ತು. ಮನೆಯಲ್ಲಿ ತುಂಬಿಸಿದರೆ ಒಂದು ರೂಪಾಯಿಯಷ್ಟೂ ಆಗುವುದಿಲ್ಲ. ದಿನವೂ ಹೆದ್ದಾರಿಯಲ್ಲೇ ಓಡುವವರು, ಮನೆಯಲ್ಲಿ ಪ್ಲಗ್ ಇಲ್ಲದವರು, ಉಳಿತಾಯದ ಆಸೆಯೊಂದರಿಂದಲೇ ಈ ಕಾರು ಕೊಳ್ಳುವುದಾದರೆ ಎರಡು ಸಲ ಲೆಕ್ಕ ಹಾಕುವುದು ಒಳ್ಳೆಯದು.

ಜನರ ವರ್ತನೆಯನ್ನೂ ಸೇವೆಯ ಭಾಗವೆಂದೇ ಎಣಿಸಬೇಕಾಗುತ್ತದೆ. ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರುಗಳ ಜಾಗದಲ್ಲಿ ಡೀಸೆಲ್ ಎಸ್‌ಯುವಿ ನಿಲ್ಲಿಸಿ ಊಟಕ್ಕೆ ಹೋದವರನ್ನು ಮೈಕಿನಲ್ಲಿ ಕರೆಸಿದ್ದೇನೆ. ಅವರಿಗಿಂತ ಹೆಚ್ಚು ಸಿಟ್ಟು ತರಿಸುವವರು ನಮ್ಮವರೇ, ದೀಪಾವಳಿಯ ಹಿಂದಿನ ದಿನ ನಾಲ್ಕು ಕಾರುಗಳು ಸಾಲಿನಲ್ಲಿರುವಾಗ ಶೇ. 80ರಿಂದ 100ರವರೆಗೆ ಗನ್ ಬಿಡದೆ ಕುಳಿತವರು. ಕೊನೆಯ ಆ ಇಪ್ಪತ್ತಕ್ಕೆ ಮೊದಲ ಐವತ್ತರಷ್ಟೇ ಹೊತ್ತು ಹಿಡಿಯಬಹುದು. ಹೊರಗೆ ತಮ್ಮ ನಂಬರ್ ಬರೆದಿಟ್ಟು ಊಟಕ್ಕೆ ಹೋಗುವವರೂ ಇದ್ದಾರೆ. ಅಂಥವರಿಗೆ ನಾನು ಕಾಫಿ ಕೊಡಿಸಿದ್ದೇನೆ.

ಈಗ ನನ್ನ ಪ್ರಯಾಣದ ಕ್ರಮ ಹೀಗಿದೆ. ಬೆಂಗಳೂರಿನಿಂದ ಪೂರ್ಣ ತುಂಬಿಸಿ ಹೊರಡುವುದರಿಂದ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸಿನ ಸುತ್ತಮುತ್ತಲಿನ ಸ್ಟೇಷನ್‌ಗಳು ನನಗೆ ಹೋಗುವಾಗ ಬೇಕಾಗುವುದಿಲ್ಲ. ಚನ್ನರಾಯಪಟ್ಟಣ-ಹಾಸನದ ನಡುವೆ, ಬ್ಯಾಟರಿ ಇನ್ನೂ ಶೇ. 35-40 ಇರುವಾಗಲೇ ನಿಲ್ಲುತ್ತೇನೆ. ಒಂದು ಯಂತ್ರ ಕೆಟ್ಟಿದ್ದರೆ ಮುಂದಿನದಕ್ಕೆ ಹೋಗುವ ಧೈರ್ಯ ಇರುವುದು ಅಷ್ಟು ಉಳಿದಿದ್ದಾಗ ಮಾತ್ರ. ಈ ಭಾಗಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಸಕಲೇಶಪುರದಿಂದ ನೆಲ್ಯಾಡಿಯವರೆಗಿನ ಘಾಟಿ ಭಾಗವನ್ನು ಚಾರ್ಜ್ ಮಾಡುವ ಜಾಗವೆಂದು ನಾನು ಎಣಿಸುವುದೇ ಇಲ್ಲ. ಎರಡು ಅಂಕ, ಅದೂ ಮಳೆಗಾಲ ಬಿಟ್ಟು. ಮರಳುವಾಗ ಅಮ್ಮನ ಮನೆಯ ಪಂಪ್‌ಶೆಡ್ಡಿನ ಹತ್ತಿರದ ಪ್ಲಗ್ಗಿನಲ್ಲಿ ಹಿಂದಿನ ರಾತ್ರಿಯೆಲ್ಲ ತುಂಬಿಸಿ ಹೊರಡುತ್ತೇನೆ, ಹಾಗಾಗಿ ಹಾಸನ ದಾಟುವವರೆಗೆ ಯಾರ ಹಸಿರು ಚುಕ್ಕೆಯ ಹಂಗೂ ಇಲ್ಲ. ಹೊರಡುವ ಮುನ್ನ ಆ್ಯಪ್ ತೆರೆದು ನೋಡುವ ಅಭ್ಯಾಸವಂತೂ ಇದೆ. ಆಮೇಲೆ ಹೋಟೆಲಿನ ವಾಚ್‌ಮನ್‌ಗೂ ಒಂದು ಫೋನ್ ಮಾಡಿ, ಎಡಗಡೆಯ ಗನ್ ಹೇಗಿದೆ ಎಂದು ಕೇಳುತ್ತೇನೆ.