ಒರಿಜಿನಲ್ ಫ್ಯಾಮಿಕಾಮ್ ಅಂತ 16,000 ಕೊಟ್ಟೆ, ಬಿಚ್ಚಿದ್ರೆ ಒಳಗೆ ಒಂದು ಕರಿ ಬೊಟ್ಟು

ಬೆಂಗಳೂರಲ್ಲಿ ಫ್ಯಾಮಿಕಾಮ್ ಥರದ ಹಳೇ ಗೇಮ್ ಕನ್ಸೋಲ್, ಅಂದ್ರೆ ಟಿವಿಗೆ ಹಾಕಿ ಆಡೋ ಮಷೀನು, ಹುಡುಕ್ತಾ ಇರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಸೆಕೆಂಡ್ ಹ್ಯಾಂಡ್ ಆ್ಯಪ್‌ನಲ್ಲಿ "ನಿಂಟೆಂಡೊ ಫ್ಯಾಮಿಕಾಮ್, ಜಪಾನ್ ಒರಿಜಿನಲ್" ಅಂತ ಹಾಕಿದ್ದ ಒಬ್ಬನಿಗೆ ಹೋದ ಭಾನುವಾರ 16,000 ರೂಪಾಯಿ ಕೊಟ್ಟು ಮೋಸ ಹೋದೆ. ಇನ್ನೂ ಸಿಟ್ಟು ಇಳೀತಿಲ್ಲ. ನಾಚಿಕೆನೂ ಅಷ್ಟೇ ಆಗ್ತಿದೆ, ಯಾಕಂದ್ರೆ ಇದರ ಬಗ್ಗೆ ಏನೂ ಗೊತ್ತಿಲ್ಲದವನಲ್ಲ ನಾನು.

90ರ ದಶಕದಲ್ಲಿ ನಾವೆಲ್ಲ ವಿಡಿಯೋ ಗೇಮ್ ಅಂತ ಆಡಿದ್ದು ಹೆಚ್ಚಾಗಿ ಫ್ಯಾಮಿಕಾಮ್‌ನ ನಕಲು. ದಾವಣಗೆರೆಯಲ್ಲಿ ನಮ್ಮಪ್ಪ ತಂದುಕೊಟ್ಟಿದ್ದೂ ಅದೇ, ಕ್ಯಾಸೆಟ್ ಊದಿ ಊದಿ ಹಾಕಿ ಎರಡು ಬೇಸಿಗೆ ರಜೆ ಕಳೆದಿದ್ವಿ. ನಕಲು ಅಂತ ಹೇಳಿಯೇ ಕಮ್ಮಿ ದುಡ್ಡಿಗೆ ಮಾರಿದ್ರೆ ಇವತ್ತೂ ಖುಷಿಯಾಗಿ ತಗೋತೀನಿ. ಆದ್ರೆ ನನಗೆ ಬೇಕಿದ್ದದ್ದು ಅಸಲಿ ಮಷೀನು. 1983ರ ಜುಲೈ 15ಕ್ಕೆ ಜಪಾನ್‌ನಲ್ಲಿ 14,800 ಯೆನ್‌ಗೆ ಬಿಟ್ಟಿದ್ದು, ಮಸಾಯುಕಿ ಉಎಮುರಾ ಅವರ ತಂಡ ಮಾಡಿದ್ದು, ಒಳಗೆ ರಿಕೋ ಕಂಪನಿಯ ಎರಡು ದೊಡ್ಡ ಚಿಪ್, ಒಂದು ಸಿಪಿಯು ಇನ್ನೊಂದು ಚಿತ್ರಕ್ಕೆ, ಕೆಲಸಕ್ಕೆ ಬರೀ 2 ಕೆಬಿ ರ‍್ಯಾಮ್. ಅಷ್ಟರಲ್ಲಿ ಮಾರಿಯೋನ ಓಡಿಸಿದ್ರಲ್ಲ, ಅದನ್ನ ಒಂದ್ಸಲ ಕೈಯಲ್ಲಿ ಹಿಡೀಬೇಕು ಅಂತ ಎಷ್ಟೋ ವರ್ಷದ ಆಸೆ.

ಆಸೆ ಇತ್ತು, ಅದಕ್ಕೇ ಕಣ್ಣು ಮುಚ್ಚಿಕೊಂಡೆ. ಮೊದಲೇ ಕೇಳಿದ್ದೆ, ಬಿಚ್ಚಿ ಒಳಗಿನ ಬೋರ್ಡ್ ಫೋಟೊ ಕಳಿಸಿ ಅಂತ. "ಇಲ್ಲ ಬ್ರೋ, ಇವತ್ತಿನವರೆಗೂ ಸ್ಕ್ರೂ ಮುಟ್ಟಿಲ್ಲ, ಬಿಚ್ಚಿದ್ರೆ ವ್ಯಾಲ್ಯೂ ಹೋಗುತ್ತೆ, ನಮ್ಮ ಮಾಮ ಜಪಾನಿಂದ ತಂದಿದ್ದು" ಅಂದ. ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ ಹತ್ರ ಸಿಕ್ಕಿದ್ವಿ, ಶೂ ಡಬ್ಬದಲ್ಲಿ ತಂದಿದ್ದ. ಬಿಳಿ ಮೈ, ಮರೂನ್ ಬಣ್ಣ, ಕೆಳಗೆ ಎಚ್‌ವಿಸಿ-001 ಅಂತ ಮಾಡೆಲ್ ನಂಬರಿನ ಸ್ಟಿಕ್ಕರ್, ಎಲ್ಲಾ ಸರಿಯಾಗೇ ಇತ್ತು. ಆದ್ರೆ ಹಿಂದೆ ಟಿವಿಗೆ ಚಿತ್ರ, ಸದ್ದು ಕಳಿಸೋ ಹಳದಿ ಬಿಳಿ ಎವಿ ತೂತು. ಅಸಲಿ ಹಳೇ ಫ್ಯಾಮಿಕಾಮ್‌ಗೆ ಎವಿ ಇಲ್ಲ, ಆಂಟೆನಾ ವೈರ್‌ನಲ್ಲಿ ಸಿಗ್ನಲ್ ಹೋಗೋದು, ಅದೂ ಜಪಾನ್ ಟಿವಿಯ 1 ಇಲ್ಲಾ 2ನೇ ಚಾನೆಲ್‌ಗೆ. ಕೇಳಿದೆ. "ಎವಿ ಮಾಡ್ ಮಾಡಿಸಿದೀನಿ ಬ್ರೋ" ಅಂದ. ಹಳೇ ಮಷೀನು ಬಿಚ್ಚಿ ಎವಿ ಸೇರಿಸೋ ಥರ ಬದಲಾವಣೆ ಮಾಡಿಸ್ತಾರೆ ಜನ, ಹೌದು, ಒಪ್ಕೊಂಡೆ. ಈಗ ಮನೇಲಿ ಕೂತು ಯೋಚನೆ ಮಾಡಿದ್ರೆ ಹೊಟ್ಟೆ ಉರಿಯುತ್ತೆ. ಸ್ಕ್ರೂನೇ ಮುಟ್ಟಿಲ್ಲ ಅಂದವನು ಮಾಡ್ ಹೇಗೆ ಮಾಡಿಸಿದ? ಅಲ್ಲೇ ನಿಂತು ಇದೊಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಎರಡನೇ ಕಂಟ್ರೋಲರ್ ನೋಡಿದೆ. ಅಸಲಿಯಲ್ಲಿ ಅದಕ್ಕೆ ಸ್ಟಾರ್ಟ್, ಸೆಲೆಕ್ಟ್ ಬಟನ್ ಇರಲ್ಲ, ಆ ಜಾಗದಲ್ಲಿ ಮೈಕು, ಪಕ್ಕದಲ್ಲಿ ವಾಲ್ಯೂಮ್ ಜಾರಿಸೋ ಪುಟ್ಟ ಗುಂಡಿ. ಇದರಲ್ಲೂ ಇತ್ತು. ಹೆಬ್ಬೆರಳಲ್ಲಿ ತಳ್ಳಿದೆ, ಅಲುಗಾಡಲಿಲ್ಲ. "ಹಳೇದಲ್ವಾ ಬ್ರೋ, ಜಾಮ್ ಆಗಿದೆ, ಜೋರಾಗಿ ತಳ್ಳಬೇಡಿ, ಮುರಿದೋಗುತ್ತೆ" ಅಂದ. ನಾನು ಪಾಪ ಅಂತ ಕೈ ತೆಗೆದೆ. ಕೈ ತೆಗೆದು ಅಲ್ಲೇ ಯುಪಿಐ ಮಾಡಿದೆ.

ಮನೆಗೆ ಬಂದು ನನ್ನ ಹತ್ರ ಇದ್ದ ಹಳೇ ಮಾರಿಯೋ ಕ್ಯಾಸೆಟ್ ಹಾಕಿ ಆನ್ ಮಾಡಿದೆ. ಮ್ಯೂಸಿಕ್ ಬಂತು, ಚಿಕ್ಕವನಿದ್ದಾಗ ದಾವಣಗೆರೆ ಮನೇಲಿ ಕೇಳಿದ ಥರಾನೇ. ಒಂದು ಕ್ಷಣ ಖುಷಿ ಆಯ್ತು, ಆಮೇಲೆ ಎದೆ ಧಸಕ್ ಅಂತು. ಹಳೇ ನಕಲು ಚಿಪ್ ಎಷ್ಟೋ ಇದಾವೆ, ಅದರಲ್ಲಿ ಸದ್ದಿನ ಚಾನೆಲ್‌ನ ಡ್ಯೂಟಿ ಸೆಟ್ಟಿಂಗ್ (ದನಿಯ ಗುಣ ಬದಲಿಸೋದು) ಎರಡು ಅದಲು ಬದಲಾಗಿರುತ್ತೆ, ಅದಕ್ಕೇ ಅದೇ ರಾಗ ಬೇರೆ ದನಿಯಲ್ಲಿ ಕೇಳುತ್ತೆ. ಅಸಲಿ ಮಷೀನಿನ ರೆಕಾರ್ಡಿಂಗ್ ನೂರು ಸಲ ಕೇಳಿದೀನಿ, ಇದು ಅದಲ್ಲ. ಇದು ನನ್ನ ಬಾಲ್ಯದ ನಕಲಿನ ಸದ್ದು. ಇರಲ್ಲ ಇರಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಳ್ಳೋ ಹೊತ್ತಿಗೆ ಮಗಳು ಕ್ಯಾಸೆಟ್ ಕಿತ್ತು ಮತ್ತೆ ಆನ್ ಮಾಡಿದಳು, ಸ್ಕ್ರೀನ್ ಮೇಲೆ ಗೇಮ್‌ಗಳ ಪಟ್ಟಿ ಬಂತು. "ಅಪ್ಪಾ ಇದರೊಳಗೇ ಗೇಮ್ ಇದೆ!" ಅಂತ ಅವಳು ಕುಣೀತಿದಾಳೆ. ಫ್ಯಾಮಿಕಾಮ್ ಒಳಗೆ ಗೇಮ್ ಇರಲ್ಲ. ಒಂದೂ ಇರಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಏನೂ ಮಾತಾಡಲಿಲ್ಲ.

ಸ್ಕ್ರೂಡ್ರೈವರ್ ತಗೊಂಡು ಬಿಚ್ಚಿದೆ. ಅಸಲಿಯಲ್ಲಿ ಡಬ್ಬದ ತುಂಬ ಬೋರ್ಡ್ ಇರುತ್ತೆ, 40 ಕಾಲಿನ ಎರಡು ಚಿಪ್ ಉದ್ದಕ್ಕೆ ಮಲಗಿರುತ್ತೆ. ಇಲ್ಲಿ ಅಂಗೈಯಷ್ಟು ಬೋರ್ಡು, ನಡುವೆ ಡಾಂಬರು ತೊಟ್ಟಿಕ್ಕಿದ ಹಾಗೆ ಒಂದು ಕರಿ ಬೊಟ್ಟು, ಅದರಡಿಯಲ್ಲೇ ನಕಲು ಚಿಪ್, ಅಷ್ಟೇ. ಡಬ್ಬ ತೂಕ ಬರಲಿ ಅಂತ ಒಂದು ಕಬ್ಬಿಣದ ಪಟ್ಟಿ ಅಂಟಿಸಿದಾನೆ. ಕಂಟ್ರೋಲರ್ ಬಿಚ್ಚಿದ್ರೆ ಮೈಕೇ ಇಲ್ಲ. ಜಾಮ್ ಆಗಿದೆ ಅಂದನಲ್ಲ ಆ ಗುಂಡಿ, ಅದು ಮೇಲಿನ ಪ್ಲಾಸ್ಟಿಕ್ ಜೊತೇಲೇ ಅಚ್ಚು ಹೊಡೆದಿದ್ದು.

ಫೋಟೊ ಕಳಿಸಿದೆ. ಬ್ರೋ ಹೋಗಿ ಸರ್ ಆಗಿತ್ತು. "ಸರ್ ವರ್ಕ್ ಆಗ್ತಿದೆಯಲ್ಲ, ಮತ್ತೇನು ಪ್ರಾಬ್ಲಮ್." ಒರಿಜಿನಲ್ ಅಂತ ಹಾಕಿದ್ರಲ್ಲ ಅಂದೆ. "ಒರಿಜಿನಲ್ ಕಂಡೀಷನ್ ಅಂತ ಸರ್ ಅದರರ್ಥ." ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ, "ನೀವೇ ಬಿಚ್ಚಿದೀರ, ಒಳಗಿನ ಒರಿಜಿನಲ್ ಬೋರ್ಡ್ ನೀವೇ ಎತ್ಕೊಂಡು ಇದನ್ನ ಹಾಕಿಲ್ಲ ಅಂತ ಏನು ಗ್ಯಾರಂಟಿ." ನನ್ನನ್ನೇ ಕಳ್ಳ ಅಂದ! ಹದಿನಾರು ಸಾವಿರ ಕೊಟ್ಟ ನನ್ನನ್ನ! ಆಮೇಲೆ ಬ್ಲಾಕ್. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಿದೀನಿ, ಆ್ಯಪ್‌ನಲ್ಲೂ ರಿಪೋರ್ಟ್ ಮಾಡಿದೀನಿ.

ತಗೊಳೋರು ಬೋರ್ಡ್ ಫೋಟೊ ಇಲ್ಲದೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ. ಬಿಚ್ಚಲ್ಲ ಅಂದ್ರೆ ಎದ್ದು ಬನ್ನಿ. ಕ್ಯಾಸೆಟ್ ಇಲ್ಲದೆ ಆನ್ ಮಾಡಿಸಿ ನೋಡಿ, ಮೆನು ಬಂದ್ರೆ ನಕಲು. ಅಡಾಪ್ಟರ್ ನೋಡಿ, ಜಪಾನ್‌ನದು 100 ವೋಲ್ಟ್‌ದು, ನಮ್ಮ 230ರ ಪ್ಲಗ್‌ಗೆ ನೇರ ಹಾಕೋಕಾಗಲ್ಲ, "ನೇರ ಹಾಕಿ ಏನಾಗಲ್ಲ" ಅಂದ್ರೆ ಅಲ್ಲೇ ಅರ್ಥ ಮಾಡ್ಕೊಳಿ, ನನಗೂ ಹಾಗೇ ಅಂದಿದ್ದ.

ನಿನ್ನೆ ರಾತ್ರಿ ಬೇರೆ ಅಕೌಂಟ್‌ನಲ್ಲಿ ಮತ್ತೆ ಜಾಹೀರಾತು ಹಾಕಿದಾನೆ. ನೀಲಿ ಚೌಕುಳಿ ಬೆಡ್‌ಶೀಟ್ ಮೇಲೆ ಇಟ್ಟು ತೆಗೆದ ಅದೇ ಫೋಟೊ, ಅದೇ ಮಾಮ, ಅದೇ ಜಪಾನ್. ಈ ಸಲ 18,000 ಕೇಳ್ತಿದಾನೆ.