ಬ್ರೆಜಿಲ್ ಕಲಿಯೋಕೆ ಮೂರು ದಾರಿ: ಬೇಸಿಗೆ ಕಾರ್ಯಾಗಾರ, ಆನ್‌ಲೈನ್ ಪಾಠ, ಸಾಲ್ವಡಾರ್

ಬಾಸ್ಟನ್ ಪಕ್ಕದ ಫ್ರೇಮಿಂಗ್‌ಹ್ಯಾಮ್ ಕಡೆ ಪಾಠ ಮಾಡುವವರಿಗೆ ಪೋರ್ಚುಗೀಸ್ ಮಾತಾಡುವ ಮಕ್ಕಳು ಹೊಸದಲ್ಲ. ನನ್ನ ವಿಷಯ ಸಮಾಜ ವಿಜ್ಞಾನ, ಮಿಡಲ್ ಸ್ಕೂಲು. ತರಗತಿಯಲ್ಲಿ ಬ್ರೆಜಿಲ್‌ನ ಮೀನಸ್ ಜೆರೈಸ್ ರಾಜ್ಯದಿಂದ ಬಂದವರು ಜಾಸ್ತಿ, ಅದರಲ್ಲೂ ಗೊವೆರ್ನದೋರ್ ವಲದಾರೆಸ್ ಎಂಬ ಒಂದೇ ಊರಿನ ಕಡೆಯವರು. ಪೋಷಕರ ಸಭೆಗೆ ಅಮ್ಮ ಬಂದರೆ ಅನುವಾದ ಮಾಡುವುದು ಮಗನೇ. ತನ್ನ ಮಾರ್ಕ್ಸ್ ಬಗ್ಗೆ ತಾನೇ! ಎಷ್ಟು ಉಪ್ಪುಖಾರ ಸೇರಿಸ್ತಾನೋ ಯಾರಿಗೆ ಗೊತ್ತು. ಹಾಗಾಗಿ ಕಲಿಯಲು ಹೊರಟೆ. ಬೇರೆ ಬೇರೆ ಬೇಸಿಗೆ ರಜೆಗಳಲ್ಲಿ ಮೂರೂ ದಾರಿ ನೋಡಿದ್ದೇನೆ.

ಮೊದಲು ಖರ್ಚಿನ ಮಾತು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಲ್ಯಾಟಿನ್ ಅಮೆರಿಕ ಅಧ್ಯಯನ ಕೇಂದ್ರಗಳಿವೆ. ಸರ್ಕಾರದ ‘ಟೈಟಲ್ ಸಿಕ್ಸ್’ ಅನುದಾನ ಪಡೆದ ಕೇಂದ್ರ ಶಾಲಾ ಶಿಕ್ಷಕರಿಗೂ ಏನಾದರೂ ಮಾಡಬೇಕಿತ್ತು. ಬೇಸಿಗೆ ಕಾರ್ಯಾಗಾರಗಳು ಹುಟ್ಟಿದ್ದು ಹಾಗೆ. ನಾನು ಹೋದ ಕಡೆ ಫೀಸು ಇರಲಿಲ್ಲ, ಊಟ ಅವರದೇ, ಹೊರಡುವಾಗ ಒಂದು ಚೀಲ ಪುಸ್ತಕ ಬೇರೆ. ಆನ್‌ಲೈನ್ ಪಾಠಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು, ಕೈಗೆಟುಕುವಷ್ಟೇ. ಬ್ರೆಜಿಲ್‌ನ ಬಾಯಿಯಾ ರಾಜ್ಯದ ರಾಜಧಾನಿ ಸಾಲ್ವಡಾರ್ ಮಾತ್ರ ಜೇಬು ಖಾಲಿ ಮಾಡಿತು. ವಿಮಾನ, ಮನೆವಾಸ, ಭಾಷಾಶಾಲೆಯ ಫೀಸು, ಎಲ್ಲ ನಮ್ಮದೇ.

ಕಾರ್ಯಾಗಾರದಲ್ಲಿ ಭಾಷೆ ಕಲಿಸುವ ಹೊತ್ತು ನಿಜಕ್ಕೂ ವೇಸ್ಟು. ಬೆಳಿಗ್ಗೆ ಒಂದು ಗಂಟೆ, ಅದೂ ಎಲ್ಲರಿಗೂ ಸ್ಪ್ಯಾನಿಷ್ ಬರುತ್ತದೆ ಅಂತ ಅಂದುಕೊಂಡು. ಸ್ಪ್ಯಾನಿಷ್ ಮೇಡಂಗಳು ಮುಂದೆ ಓಡುತ್ತಿದ್ದರು, ನಾವು ಉಳಿದವರು ಹೆಸರು ಹೇಳಿ, ಬಣ್ಣ ಹೇಳಿ ಮುಗಿಸಿದೆವು. ಆದರೆ ಮಧ್ಯಾಹ್ನದ ಇತಿಹಾಸದ ಪಾಠಗಳಿಗೆ ಬೆಲೆ ಕಟ್ಟಲಾಗದು. ಅಟ್ಲಾಂಟಿಕ್ ದಾಟಿಸಿದ ಗುಲಾಮರ ಹಡಗುಗಳ ದತ್ತಾಂಶವನ್ನು ‘ಸ್ಲೇವ್ ವಾಯೇಜಸ್’ ಎಂಬ ತಾಣದಲ್ಲಿ ತೆರೆದು, ಪ್ರತಿ ಟೇಬಲ್ಲಿಗೂ ಒಂದು ಲ್ಯಾಪ್‌ಟಾಪ್ ಕೊಟ್ಟು ಕೂರಿಸಿದರು. ಇಂದಿನ ಅಮೆರಿಕ ಇರುವ ಉತ್ತರದ ನೆಲಕ್ಕೆ ಜೀವಂತವಾಗಿ ಬಂದಿಳಿದವರು ಅಂದಾಜು ನಾಲ್ಕು ಲಕ್ಷಕ್ಕೂ ಕಡಿಮೆ. ಬ್ರೆಜಿಲ್‌ಗೆ ಸುಮಾರು 48 ಲಕ್ಷ. ಇಪ್ಪತ್ತು ವರ್ಷದಿಂದ ಅಮೆರಿಕದ ಇತಿಹಾಸ ಕಲಿಸುತ್ತಿದ್ದ ಪಕ್ಕದ ಟೇಬಲ್ಲಿನ ಮೇಷ್ಟ್ರು ಸ್ಕ್ರೀನ್ ರಿಫ್ರೆಶ್ ಮಾಡಿ ಮತ್ತೆ ನೋಡಿದರು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ನಿಂತಿದ್ದು 1888ರಲ್ಲಿ, ಅಮೆರಿಕ ಖಂಡಗಳಲ್ಲೇ ಕೊನೆಗೆ. ಆ ಗ್ರಾಫ್ ಈಗ ನನ್ನ ಪ್ರತಿ ವರ್ಷದ ಪಾಠ. ಇಂಥದ್ದು ಆನ್‌ಲೈನ್ ಟೀಚರೂ ಕೊಡಲಿಲ್ಲ, ಸಾಲ್ವಡಾರಿನ ಭಾಷಾಶಾಲೆಯೂ ಕೊಡಲಿಲ್ಲ.

ಕಾರ್ಯಾಗಾರದಲ್ಲಿ ನಡೆದ ಕಾಪುವೇರಾ ಎಂಬ ಬ್ರೆಜಿಲ್‌ನ ಸಮರಕಲೆಯ ಪ್ರದರ್ಶನದ ಬಗ್ಗೆ ಮಾತ್ರ ನನಗೆ ತಕರಾರಿದೆ. ಸಭಾಂಗಣದಲ್ಲಿ ಬೆರಿಂಬಾವ್ ಎಂಬ ಒಂಟಿ ತಂತಿಯ ವಾದ್ಯ ನುಡಿಸಿ, ನಾಲ್ಕು ಪಲ್ಟಿ ಹೊಡೆದು, ಫೋಟೋ ತೆಗೆಸಿಕೊಂಡು ಮುಗಿಸಿದರು. 1890ರ ದಂಡಸಂಹಿತೆ ಇದನ್ನೇ ಅಪರಾಧ ಮಾಡಿತ್ತು, ಸಾಲ್ವಡಾರಿನಲ್ಲಿ ಮೆಸ್ತ್ರೆ (ಅಂದರೆ ಗುರು) ಬಿಂಬಾ 1930ರ ದಶಕದಲ್ಲಿ ಅಕಾಡೆಮಿ ತೆರೆದು ಅದಕ್ಕೆ ಮರ್ಯಾದೆ ತಂದರು ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ. ಅದು ಗೊತ್ತಿಲ್ಲದೆ ನೋಡಿದರೆ ಸುಮ್ನೆ ಕಸರತ್ತು, ಅಷ್ಟೇ ಅಲ್ವಾ?

ಆನ್‌ಲೈನ್‌ನಲ್ಲಿ ನಾನು ಬೇಕೆಂದೇ ಮೀನಸ್ ಜೆರೈಸ್‌ನ ಟೀಚರನ್ನು ಹುಡುಕಿದೆ. ಯಾವುದೇ ಪಾಠಕ್ಕೆ ದುಡ್ಡು ಕೊಡುವ ಮೊದಲು ಟೀಚರ್ ಯಾವ ಊರಿನವರು ಅಂತ ಕೇಳಿ. ಮೀನಸ್‌ನವರು ಪದದ ತಲೆ, ಬಾಲ ಎರಡನ್ನೂ ನುಂಗಿಬಿಡುತ್ತಾರೆ. ‘ವೊಸೆ’ (ನೀನು) ಅವರ ಬಾಯಲ್ಲಿ ಬರೀ ‘ಸೆ’. ಪುಸ್ತಕದ ಪೋರ್ಚುಗೀಸ್ ಕಲಿತು ಹೋದರೆ ನನ್ನ ಮಕ್ಕಳ ಅಮ್ಮಂದಿರ ಮಾತು ಅರ್ಧವೂ ಕಿವಿಗೆ ಸಿಗುವುದಿಲ್ಲ. ಕನ್ನಡದವರಿಗೆ ಒಂದು ಲಾಭವೂ ಇದೆ. ಅವರ ತ, ದ ನಮ್ಮ ಹಾಗೇ ಹಲ್ಲಿಗೆ ತಾಗುತ್ತವೆ, ಇಂಗ್ಲಿಷ್‌ನವರು ಅಲ್ಲೇ ಒದ್ದಾಡುತ್ತಾರೆ. ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಞ ಅಕ್ಷರಕ್ಕೂ ಅವರ ‘nh’ ಬರೆದುಕೊಳ್ಳಲು ನನ್ನ ನೋಟ್‌ಬುಕ್ಕಿನಲ್ಲಿ ಕೆಲಸ ಸಿಕ್ಕಿತು. ಮೂಗಿನ ಸ್ವರಗಳು ಮಾತ್ರ ಸತಾಯಿಸಿದವು. ‘ಪಾಂವ್’ ಅಂದರೆ ಬ್ರೆಡ್ಡು. ಮೂಗು ಬಿಟ್ಟು ‘ಪಾವ್’ ಅಂದರೆ ಕೋಲು, ಜೊತೆಗೆ ಒಂದು ಪೋಲಿ ಅರ್ಥವೂ ಇದೆ. ಬೇಕರಿಯಲ್ಲಿ ಹುಷಾರು! ಬೆಂಗಳೂರಿನಲ್ಲಿದ್ದು ಕಲಿಯುವವರಿಗೂ ಈ ದಾರಿ ಅನುಕೂಲ. ನಮ್ಮ ಸಂಜೆ ಏಳು ಅಂದರೆ ಅಲ್ಲಿ ಬೆಳಿಗ್ಗೆ ಹತ್ತೂವರೆ.

ಇನ್ನು ಸಾಲ್ವಡಾರ್. ಬೆಳಿಗ್ಗೆ ತರಗತಿ, ಮಧ್ಯಾಹ್ನ ಊರು. ಪೆಲೊರಿಞೊ ಎಂಬ ಹಳೇ ಪೇಟೆಯ ಇಳಿಜಾರು ಕಲ್ಲುಹಾಸಿನ ಮೇಲೆ ಜಾರದೆ ನಡೆಯುವುದೇ ಒಂದು ಪಾಠ, ಯಾಕೆಂದರೆ ಜೂನ್, ಜುಲೈನಲ್ಲಿ ಅಲ್ಲಿ ಮಳೆ. ರಸ್ತೆ ಬದಿಯಲ್ಲಿ ಬಿಳಿ ಲಂಗದ ಬಾಯಾನಾ, ಅಂದರೆ ಬಾಯಿಯಾದ ಹೆಂಗಸು, ಅಕರಜೆ ಕರಿಯುತ್ತಾಳೆ. ಸಿಪ್ಪೆ ತೆಗೆದ ಅಲಸಂದೆ ಕಾಳನ್ನು ಈರುಳ್ಳಿ ಜೊತೆ ರುಬ್ಬಿದ ಹಿಟ್ಟು. ಮರದ ಸೌಟಿನಲ್ಲಿ ಅದನ್ನು ಚೆನ್ನಾಗಿ ಬಡಿದು ಹಗುರ ಮಾಡಿ, ಕೆಂಪು ತಾಳೆ ಎಣ್ಣೆಗೆ ಬಿಡುತ್ತಾಳೆ. ಸಂಪೂರ್ಣ ನಮ್ಮ ಅಲಸಂದೆ ವಡೆಯ ಸೋದರಿ. ಸಸ್ಯಾಹಾರಿಗಳು ಸಿಗಡಿ ಬೇಡ ಅಂದರಷ್ಟೇ ಸಾಲದು. ಒಳಗೆ ಸವರುವ ವತಪಾ ಎಂಬ ಗೊಜ್ಜಿನಲ್ಲೂ ಒಣ ಸಿಗಡಿ ಅರೆದಿರುತ್ತಾರೆ. ಬರೀ ಸಲಾಡ್ ಹಾಕಿಸಿಕೊಳ್ಳಿ.

ಹೋಗುವುದಾದರೆ ಜುಲೈ 2 ಒಳಗೊಳ್ಳುವಂತೆ ಹೋಗಿ. ಬ್ರೆಜಿಲ್ ಸ್ವಾತಂತ್ರ್ಯ ಘೋಷಿಸಿದ್ದು 1822ರ ಸೆಪ್ಟೆಂಬರ್ 7ರಂದು. ಆದರೆ ಪೋರ್ಚುಗೀಸ್ ಪಡೆ ಸಾಲ್ವಡಾರ್ ಬಿಟ್ಟದ್ದು 1823ರ ಜುಲೈ 2ಕ್ಕೆ. ಬಾಯಿಯಾದವರಿಗೆ ಇದೇ ದೊಡ್ಡ ದಿನ. ಕಬೋಕ್ಲೊ, ಕಬೋಕ್ಲಾ ಎಂಬ ಮೂಲನಿವಾಸಿ ಮೂರ್ತಿಗಳನ್ನು ರಥದಲ್ಲಿಟ್ಟು ಲಪಿಞಾ ಎಂಬ ಬಡಾವಣೆಯಿಂದ ಎಳೆದು ತರುತ್ತಾರೆ. ಬ್ಯಾಂಡು, ಶಾಲಾ ಮಕ್ಕಳು, ಹಿಂದೆಯೇ ಸಂಬಳ ಕೇಳುವ ಫಲಕ ಹಿಡಿದ ಶಿಕ್ಷಕರ ಸಂಘ! ಕಾರ್ಯಾಗಾರದಲ್ಲಿ ಇದಕ್ಕೆ ಸಿಕ್ಕಿದ್ದು ಸ್ಲೈಡಿನ ಒಂದು ಸಾಲು.

ಆದರೆ ಸಾಲ್ವಡಾರ್ ನೋಡಿದರೆ ನನ್ನ ಮಕ್ಕಳ ಬ್ರೆಜಿಲ್ ನೋಡಿದ ಹಾಗಾಗಲಿಲ್ಲ. ತರಗತಿಯ ಹುಡುಗಿಗೆ ಅಕರಜೆ ಫೋಟೋ ತೋರಿಸಿದೆ. “ನಾನು ತಿಂದೇ ಇಲ್ಲ ಮಿಸ್, ನಮ್ಮ ಕಡೆ ಚೀಸ್ ಬನ್ನು,” ಅಂದಳು.

ನನ್ನ ಆಯ್ಕೆ ಕೇಳಿದರೆ, ಪಾಠಕ್ಕೆ ಸರಕು ಬೇಕಿದ್ದವರು ಕಾರ್ಯಾಗಾರಕ್ಕೆ ಹೋಗಿ, ಭಾಷೆಯ ಆಸೆ ಅಲ್ಲಿ ಇಟ್ಟುಕೊಳ್ಳಬೇಡಿ. ಪೋಷಕರ ಜೊತೆ ಮಾತಾಡಬೇಕು ಅನ್ನುವವರಿಗೆ ವಾರಕ್ಕೆರಡು ಆನ್‌ಲೈನ್ ಪಾಠವೇ ಸೈ. ಸಾಲ್ವಡಾರ್ ಇವೆರಡೂ ಆದಮೇಲೆ, ದುಡ್ಡು ಮಿಕ್ಕಿದ್ದರೆ. ಅಲ್ಲಿಂದ ನೇರ ಊರಿಗೆ ಹೊರಡುವವರು ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬ್ರೆಜಿಲ್‌ನಿಂದ ಬರುವವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುತ್ತಾರೆ. ಲಸಿಕೆ ಹಾಕಿಸಿ ಹತ್ತು ದಿನ ಆದಮೇಲಷ್ಟೇ ಅದಕ್ಕೆ ಬೆಲೆ.